ಬಿಬಿಎ ಜತೆಗೆ ಇತಿಹಾಸ: ಮಲ್ಪೆಯ ಒಂದು ಮನೆಯ ಪ್ರಶ್ನೆ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ವೀಣಾ ಉಡುಪಿಯಲ್ಲಿ ಹೆಬಾ (ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ತೆಗೆದುಕೊಂಡು ಪಿಯುಸಿ ಮುಗಿಸಿದ್ದಾಳೆ. ಒಳ್ಳೆಯ ಅಂಕ ಬಂದಿದೆ. ಅಪ್ಪನದು ಮಲ್ಪೆಯಲ್ಲಿ ಬಲೆ, ಹಗ್ಗದ ಅಂಗಡಿ. ಮಗಳು ಬಿಬಿಎ, ಆಮೇಲೆ ಎಂಬಿಎ ಮಾಡಬೇಕೆಂದು ಅವರ ಆಸೆ. ಅವಳ ಮನಸ್ಸು ಇತಿಹಾಸದ ಮೇಲೆ. ಫಲಿತಾಂಶ ಬಂದಂದಿನಿಂದ ಅಪ್ಪ-ಮಗಳ ನಡುವೆ ಸರಿಯಾಗಿ ಮಾತಿಲ್ಲ. ಸಲಹೆ ಕೇಳಲು ಅಮ್ಮನೇ ಇಬ್ಬರನ್ನೂ ನನ್ನ ಬಳಿಗೆ ಕರೆದುಕೊಂಡು ಬಂದರು.

“ಬಿಎ ಓದಿ ಎಂತ ಮಾಡುವುದು ಮೇಡಂ? ಈಗ ಎರಡೂ ಬೇಕು ಅಂತಾಳೆ. ಎರಡು ದೋಣಿಗೆ ಕಾಲಿಟ್ಟರೆ ಎಂತ ಆಗ್ತದೆ ಅಂತ ನಮಗೆ ಗೊತ್ತುಂಟಲ್ಲ” ಎಂದರು ಅಪ್ಪ. ಸಾಲ ತೀರಿಸುತ್ತಾ ಅಂಗಡಿ ನಿಲ್ಲಿಸಿದವರು. ಮಗಳ ಕೈಗೊಂದು ದುಡಿಮೆ ಹತ್ತಲಿ ಎನ್ನುವುದು ನ್ಯಾಯವೇ.

ವೀಣಾಳನ್ನು ಒಬ್ಬಳನ್ನೇ ಕೂರಿಸಿಕೊಂಡು, ಇತಿಹಾಸ ಏಕೆ ಎಂದು ಕೇಳಿದೆ. ಮೊಬೈಲಿನಲ್ಲಿ ಅಜ್ಜನ ಕಾಲದ ಸಾಲದ ಪುಸ್ತಕದ ಫೋಟೊ ತೋರಿಸಿದಳು. ಎಡಕ್ಕೆ ಹೆಸರು, ನಡುವೆ ಮೊತ್ತ, ಬಲಕ್ಕೆ ವಾಯಿದೆ. ವಾಯಿದೆಯಲ್ಲಿ ತಾರೀಕೇ ಇಲ್ಲ: “ಮಳೆ ಬಿಟ್ಟ ಮೇಲೆ”, “ಜಾತ್ರೆ ಕಳೆದು”, “ತಂಗಿ ಮದುವೆ ನಂತರ”. ಒಂದು ಹೆಸರಿನ ಮುಂದೆ ಮೊತ್ತಕ್ಕೆ ಗೆರೆ ಹೊಡೆದು, ಪೆನ್ಸಿಲಿನಲ್ಲಿ “ದೋಣಿ ಹೋಯಿತು, ಕೇಳಬಾರದು” ಎಂದು ಬರೆದಿತ್ತು.

“ಅಕೌಂಟೆನ್ಸಿಯಲ್ಲಿ ಇದು ಬ್ಯಾಡ್ ಡೆಟ್, ವಸೂಲಾಗದ ಸಾಲ ಮೇಡಂ. ಅಜ್ಜ ಯಾಕೆ ಬಿಟ್ಟರು ಅಂತ ಪಾಠದಲ್ಲಿಲ್ಲ.”

ಅವಳ ಪ್ರಶ್ನೆ ಹುಟ್ಟಿದ್ದೇ ಅಂಗಡಿಯಲ್ಲಿ. ಈ ಹುಡುಗಿಗೆ ಎರಡೂ ಓದು ಬೇಕು ಎಂದು ನನಗೆ ಆಗಲೇ ಖಾತ್ರಿಯಾಯಿತು.

ಅಪ್ಪನಿಗೆ ನಮ್ಮ ಊರಿನದೇ ಮಾತು ಹೇಳಿದೆ. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಮೂವರಲ್ಲಿ ಒಬ್ಬರು ವ್ಯಾಪಾರಿ, ಒಬ್ಬರು ಎಂಜಿನಿಯರ್, ಇನ್ನೊಬ್ಬರು ವೈದ್ಯ ಡಾ. ಟಿ.ಎಂ.ಎ. ಪೈ. ಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಬಂದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ದಿನಾ ಮನೆಬಾಗಿಲಿಗೆ ಹೋಗಿ ಎರಡಾಣೆ ಸಂಗ್ರಹಿಸುತ್ತಿದ್ದರು. ಅಂದಂದೇ ದುಡಿದು ಉಣ್ಣುವವರ ಕೈಯಲ್ಲಿ ತಿಂಗಳ ಕೊನೆಗೆ ದುಡ್ಡಿರುವುದಿಲ್ಲ, ಸಂಜೆಗೆ ಎರಡಾಣೆ ಇದ್ದೀತು. ಜನರ ಬದುಕು ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ಲೆಕ್ಕ ಇದು. “ಪಿಗ್ಮಿಯವರು ನಮ್ಮ ಅಂಗಡಿಗೂ ಬರ್ತಾರೆ” ಎಂದು ಅಪ್ಪ ಸ್ವಲ್ಪ ಮೆತ್ತಗಾದರು.

ಬಿಎಯವರಿಗೆ ಎಂಬಿಎ ಸಿಗುವುದಿಲ್ಲ ಎಂದೂ ಅವರು ನಂಬಿದ್ದರು. ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್ ಬರೆಯಲು ನಿಗದಿತ ಅಂಕವಿರುವ ಯಾವ ಪದವಿಯಾದರೂ ನಡೆಯುತ್ತದೆ. ಐಐಎಂ ಕೋಯಿಕ್ಕೋಡ್ ಅಂತೂ 2020ರಿಂದ ಲಿಬರಲ್ ಸ್ಟಡೀಸನ್ನು (ಮಾನವಿಕ, ಸಮಾಜ ವಿಜ್ಞಾನದ ಓದು) ಮ್ಯಾನೇಜ್‌ಮೆಂಟ್ ಜತೆ ಸೇರಿಸಿಯೇ ಕಲಿಸುತ್ತಿದೆ.

ನನ್ನ ಸಲಹೆ ಇಷ್ಟು. ರೆಗ್ಯುಲರ್ ಕಾಲೇಜಿನಲ್ಲಿ ಬಿಬಿಎ ಸೇರಲಿ. ಒಟ್ಟಿಗೆ ಎರಡು ಪದವಿ ಓದಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲೇ ಅವಕಾಶ ಕೊಟ್ಟಿದೆ. ಎರಡನ್ನೂ ಕಾಲೇಜಿಗೆ ಹೋಗಿಯೇ ಓದುವುದಾದರೆ ತರಗತಿಗಳ ಸಮಯ ಒಂದರ ಮೇಲೊಂದು ಬೀಳಬಾರದು. ಒಂದನ್ನು ದೂರಶಿಕ್ಷಣದಲ್ಲಿ ಮಾಡುವುದಾದರೆ ಆ ಸಂಸ್ಥೆಗೆ ಯುಜಿಸಿ ಮಾನ್ಯತೆ ಇರಬೇಕು. ವೀಣಾಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದ ಅಥವಾ ಇಗ್ನೋದ ಬಿಎ ಸರಿಹೋದೀತು.

ಆದರೆ ಮೊದಲ ವರ್ಷವೇ ಬೇಡ ಎಂದೆ. ಬಿಬಿಎ ಓದಿಗೆ ಕೈ ಕೂಡಲಿ. ದೊಡ್ಡ ತೊಡಕು ಬರುವುದು ಪರೀಕ್ಷೆಯಲ್ಲಿ: ತಪ್ಪಿದ ತರಗತಿಯನ್ನು ಹೇಗೋ ಓದಿಕೊಳ್ಳಬಹುದು, ಎರಡು ಪರೀಕ್ಷೆ ಒಂದೇ ದಿನ ಬಿದ್ದರೆ ಒಂದು ಹೋದ ಹಾಗೆಯೇ. ಅದಕ್ಕೆ ಎರಡೂ ಕಡೆಯ ಕಳೆದ ವರ್ಷದ ಪರೀಕ್ಷಾ ವೇಳಾಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ, ಅಭ್ಯಂತರವಿಲ್ಲವೆಂದು ಕಾಲೇಜಿನಿಂದ ಬರಹದಲ್ಲಿ ಪಡೆದುಕೊಳ್ಳಬೇಕು.

ಅಲ್ಲಿಯವರೆಗೆ ವೀಣಾಗೊಂದು ಕೆಲಸ ಕೊಟ್ಟೆ: ಅಜ್ಜನ ಪುಸ್ತಕದಲ್ಲಿ ಹೆಸರಿದ್ದವರ ಮನೆಗಳಿಗೆ ಹೋಗಿ, ಹಿರಿಯರನ್ನು ಮಾತಾಡಿಸಿ ಬರೆದುಕೊಳ್ಳುವುದು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಜನ ಮನೆಯಲ್ಲಿ ಸಿಗುತ್ತಾರೆ. ಯಾರ ಮನೆ ಎಲ್ಲಿ ಎಂದು ಅಪ್ಪನಿಗೆ ಗೊತ್ತು, ಅವರೇ ಕರೆದುಕೊಂಡು ಹೋಗಬೇಕು ಎಂದೆ. ಒಪ್ಪಿದರು.

ಬಿಬಿಎ ಅಂಕ ಇಳಿದರೆ ಬಿಎ ಬಿಡಬೇಕು ಎಂಬ ಷರತ್ತನ್ನೂ ಹಾಕಿದರು. ಒಂದು ಸೆಮಿಸ್ಟರ್ ಮಟ್ಟಿಗೆ ನಿಲ್ಲಿಸುವುದು, ಪೂರ್ತಿ ಬಿಡುವುದಲ್ಲ ಎಂದು ತಿದ್ದಿಸಿದೆ. ಎರಡನೇ ವರ್ಷ ಶುರುವಾಗುವ ಮೊದಲು, ಅಂಕಪಟ್ಟಿ ಹಿಡಿದು ಮೂವರೂ ಮತ್ತೆ ಬರುತ್ತಾರೆ.