ಓಡುವಾಗ ಬಿಸಿ, ನಿಂತಾಗ ತಣ್ಣಗೆ

ಪ್ರಶ್ನೆ: ನನ್ನದು 20 ವರ್ಷ ಹಳೆಯ ಪೆಟ್ರೋಲ್ ಕಾರು. ಚಳಿಗಾಲದಲ್ಲಿ ಅಮ್ಮನನ್ನು ಕರೆದುಕೊಂಡು ಮಡಿಕೇರಿಗೆ ಹೋಗುತ್ತಿರುತ್ತೇವೆ. ಕುಶಾಲನಗರ ದಾಟಿ ಘಾಟಿ ಹತ್ತುವಾಗ ಹೀಟರ್ ಚೆನ್ನಾಗಿ ಬಿಸಿ ಗಾಳಿ ಕೊಡುತ್ತದೆ. ಎಲ್ಲಾದರೂ ನಿಲ್ಲಿಸಿದರೆ ಇಂಜಿನ್ ಆನ್ ಇದ್ದರೂ ಗಾಳಿ ತಣ್ಣಗಾಗುತ್ತದೆ. ಒಬ್ಬ ಮೆಕ್ಯಾನಿಕ್ ಹೀಟರ್ ಕಾಯಿಲ್ ಬದಲಿಸಿ ಅಂತಾರೆ, ಇನ್ನೊಬ್ಬರು ಥರ್ಮೋಸ್ಟಾಟ್ ತೆಗೆದುಬಿಡೋಣ ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಬರೆದಿರುವುದನ್ನು ನೋಡಿದರೆ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಕಡಿಮೆಯಾಗಿರಬೇಕು, ಇಲ್ಲವೇ ಪೈಪಿನಲ್ಲಿ ಗಾಳಿ ಸೇರಿರಬೇಕು. ಇಂಜಿನ್ನಿನ ಬಿಸಿ ಕೂಲೆಂಟೇ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕಾಯಿಲ್‌ಗೂ ಹರಿಯುವುದು. ಗಾಡಿ ನಿಂತಾಗ ವಾಟರ್ ಪಂಪ್ ನಿಧಾನವಾಗುತ್ತದೆ. ಕೂಲೆಂಟ್ ಕಡಿಮೆ ಇದ್ದರೆ ಅಲ್ಲಿಯವರೆಗೆ ತಲುಪುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ತಲುಪುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಬರುತ್ತಾ, ಕೇಳಿ ನೋಡಿ.

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಪಕ್ಕದ ಕೂಲೆಂಟ್ ಡಬ್ಬಿ ತುಂಬಿದೆ ಅಂತ ಸುಮ್ನೆ ನಂಬಬೇಡಿ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಡಬ್ಬಿಯ ಕೂಲೆಂಟ್ ವಾಪಸ್ ರೇಡಿಯೇಟರ್‌ಗೆ ಹೋಗುವುದೇ ಇಲ್ಲ. ಮೈಸೂರಿನ ನಮ್ಮ ಶೆಡ್‌ಗೆ ಇಂಥ ಹಳೇ ಗಾಡಿಗಳು ಬರುತ್ತಲೇ ಇರುತ್ತವೆ. ಹೊಸ ಮುಚ್ಚಳ ಹಾಕಿದರೆ ಮುಗಿಯಿತು, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಇಂಜಿನ್ ಬಿಸಿ ಇದ್ದಾಗ ಮಾತ್ರ ಮುಚ್ಚಳ ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಬೆರೆಸಿ ತುಂಬಿಸಿ. ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ಕಾಯಿಲ್‌ನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಆಮೇಲೆ ಮೆಕ್ಯಾನಿಕ್ ಕೈಲಿ ಏರ್ ತೆಗೆಸಿ. ಆಗ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿರಬೇಕು. ಇಷ್ಟಾದರೂ ಗಾಳಿ ತಣ್ಣಗಿದ್ದರೆ, ಕಾಯಿಲ್‌ಗೆ ಹೋಗುವ ಎರಡು ಹೋಸ್ ಪೈಪ್ ಮುಟ್ಟಿ ನೋಡಲಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ಕಾಯಿಲ್ ಕಟ್ಟಿಕೊಂಡಿರಬಹುದು. ಆಗಲೂ ಮೊದಲು ನೀರು ಹಾಯಿಸಿ ಫ್ಲಶ್ ಮಾಡಿಸಿ.

ಥರ್ಮೋಸ್ಟಾಟ್ ತೆಗೆಸಬೇಡಿ. ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್ ಅದು. 'ನಮ್ಮ ಕಡೆ ಸೆಕೆ ಜಾಸ್ತಿ, ಅದು ಯಾಕೆ' ಅನ್ನುವವರು ತುಂಬಾ ಜನ. ಅದಿಲ್ಲದಿದ್ದರೆ ಇಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹೀಟರ್ ಇನ್ನೂ ಮಂಕಾಗುತ್ತದೆ. ಅದು ತೆರೆದೇ ಸಿಕ್ಕಿಹಾಕಿಕೊಂಡಿದ್ದರೆ ಲಕ್ಷಣವೂ ನಿಮ್ಮದಕ್ಕೆ ಉಲ್ಟಾ: ಬೆಂಗಳೂರು ಹೆದ್ದಾರಿಯಲ್ಲಿ ಓಡುವಾಗ ತಣ್ಣಗೆ, ಸಿಟಿ ಟ್ರಾಫಿಕ್‌ನಲ್ಲಿ ಬಿಸಿ.

ತುಂಬಿಸಿದ ಕೂಲೆಂಟ್ ಮತ್ತೆ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿ, ಒಳಗೆ ಸಿಹಿ ವಾಸನೆ ಬಂದು, ಗಾಜಿನ ಮೇಲೆ ಜಿಡ್ಡು ಮಂಜು ಕಟ್ಟಿದರೆ ಸೋರುತ್ತಿರುವುದು ಕಾಯಿಲ್ಲೇ. ಆಗ ಅದನ್ನು ಬದಲಿಸಲೇಬೇಕು, ಘಾಟಿಗೆ ಹೋಗುವ ಮೊದಲೇ ಮಾಡಿಸಿ.