ಗೀಸರ್ ವಾಲ್ವ್ ಸೋರಿದರೆ ಡಮ್ಮಿ ಹಾಕಿಸಬೇಡಿ

ಪ್ರಶ್ನೆ: ನಮ್ಮ ಮನೆಯಲ್ಲಿ 15 ಲೀಟರಿನ ಕರೆಂಟ್ ಗೀಸರ್ ಇದೆ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಕೆಳಗಿನ ವಾಲ್ವಿನಿಂದ ನೀರು ತೊಟ್ಟಿಕ್ಕತೊಡಗುತ್ತದೆ. ಪ್ಲಂಬರ್ ಅದಕ್ಕೊಂದು ಡಮ್ಮಿ ಹಾಕಿ ಮುಚ್ಚಿಬಿಡೋಣ ಎನ್ನುತ್ತಿದ್ದಾರೆ. ಹಾಕಿಸಬಹುದೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಖಂಡಿತ ಬೇಡ. ನೀವು ಹೇಳುತ್ತಿರುವುದು ದೋಷವೇ ಅಲ್ಲದಿರಬಹುದು. ನೀರು ಕಾದಾಗ ಹಿಗ್ಗುತ್ತದೆ. ತಣ್ಣೀರು 70 ಡಿಗ್ರಿಗೆ ಏರುವಷ್ಟರಲ್ಲಿ ಅದರ ಗಾತ್ರ ಶೇ 2ರಷ್ಟು ಹೆಚ್ಚುತ್ತದೆ. ಅಂದರೆ 15 ಲೀಟರಿಗೆ ಸುಮಾರು 300 ಮಿಲಿಲೀಟರ್, ಒಂದೂವರೆ ಲೋಟ. ಈ ವಾಲ್ವ್ ಬಿಸಿನೀರನ್ನು ತಣ್ಣೀರಿನ ಪೈಪಿಗೆ ಹಿಂದಿರುಗಲು ಬಿಡುವುದಿಲ್ಲ. ನಲ್ಲಿಯೂ ಮುಚ್ಚಿರುತ್ತದೆ. ಹೆಚ್ಚಾದ ನೀರು ಹೊರಬರಲು ಇರುವ ದಾರಿ ಅದೊಂದೇ.

ಪರೀಕ್ಷೆ ಸುಲಭ. ಸ್ವಿಚ್ ಆರಿಸಿ, ತಣ್ಣೀರು ಬರುವವರೆಗೆ ಬಿಸಿನೀರಿನ ನಲ್ಲಿ ಬಿಟ್ಟು, ರಾತ್ರಿ ವಾಲ್ವಿನ ಕೆಳಗೊಂದು ಮಗ್ ಇಡಿ. ಬೆಳಿಗ್ಗೆ ಅದು ಖಾಲಿಯಿದ್ದರೆ ನಿಮ್ಮ ಗೀಸರ್ ಸರಿಯಾಗಿದೆ. ನೀರಿದ್ದರೆ ಬೋರ್‌ವೆಲ್ ನೀರಿನ ಸುಣ್ಣವೋ ಮರಳೋ ವಾಲ್ವಿನಲ್ಲಿ ಸಿಕ್ಕಿಕೊಂಡಿದೆ. ವಾಲ್ವಿನ ಚಿಕ್ಕ ಸನ್ನೆಯನ್ನು ಎರಡು ಮೂರು ಬಾರಿ ಎತ್ತಿ ಬಿಟ್ಟರೆ ಬಹುತೇಕ ತೊಳೆದುಹೋಗುತ್ತದೆ. ಹೋಗದಿದ್ದರೆ ವಾಲ್ವನ್ನೇ ಬದಲಿಸಿ. ಮನೆಗೆ ಪ್ರೆಷರ್ ಪಂಪ್ ಹಾಕಿಸಿದ್ದರೆ ಅದರ ಒತ್ತಡವನ್ನೂ ನೋಡಿಸಿ.

ಡಮ್ಮಿ ಹಾಕಿದ ಮಾತ್ರಕ್ಕೆ ಅಂದೇ ಏನೂ ಆಗದಿರಬಹುದು. ಪ್ಲಂಬರುಗಳ ಧೈರ್ಯಕ್ಕೆ ಅದೇ ಕಾರಣ. ಆದರೆ ಮುಂದೊಂದು ದಿನ ನೀರು ಕಾದೊಡನೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಅಂಟಿಕೊಂಡು, ಅದು ಕೆಟ್ಟಾಗ ಕರೆಂಟ್ ಕಡಿಯಬೇಕಾದ ಕಟ್ಔಟ್ ಕೂಡ ಕೈಕೊಟ್ಟರೆ ನೀರು 100 ಡಿಗ್ರಿ ದಾಟಿಯೂ ಕಾಯುತ್ತಲೇ ಇರುತ್ತದೆ. ಒತ್ತಡದಲ್ಲಿರುವುದರಿಂದ ಅದು ಕುದಿಯುವುದಿಲ್ಲ. ಟ್ಯಾಂಕ್ ಬಿರಿದ ಕ್ಷಣ ಅದರಲ್ಲೊಂದು ಪಾಲು ಒಮ್ಮೆಲೇ ಆವಿಯಾಗುತ್ತದೆ, ಆವಿಗೆ ನೀರಿನ ಸಾವಿರದ ಆರುನೂರು ಪಟ್ಟು ಜಾಗ ಬೇಕು. ಗೋಡೆ ಬೀಳುವುದು ಆಗ.

ಪ್ರಶ್ನೆ: ಬಾಡಿಗೆ ಮನೆಯ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಇದೆ. ಚಳಿಗಾಲವೆಂದು ವೆಂಟಿಲೇಟರಿಗೆ ರಟ್ಟು ಹಚ್ಚಿದ್ದೇವೆ. ತಂಗಿ ಸ್ನಾನದ ವೇಳೆ ಎರಡು ಸಲ ತಲೆ ಸುತ್ತಿ ಬಿದ್ದಿದ್ದಾಳೆ. ಮೂರ್ಛೆರೋಗವಿರಬಹುದು ಎನ್ನುತ್ತಾರೆ. ಗ್ಯಾಸ್ ವಾಸನೆಯಂತೂ ಇಲ್ಲ. (ಬೆಂಗಳೂರಿನ ಓದುಗರು)

ಉತ್ತರ: ಈ ಉತ್ತರ ಓದಿದ ಕೂಡಲೇ ಎದ್ದು ಹೋಗಿ ರೆಗ್ಯುಲೇಟರ್ ಬಂದ್ ಮಾಡಿ. ಉಳಿದದ್ದನ್ನು ಆಮೇಲೆ ಓದಬಹುದು.

ವಾಸನೆ ಇಲ್ಲವೆಂಬ ಸಮಾಧಾನ ಬೇಡ. ಸಿಲಿಂಡರಿನ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ವಾಸನೆಯ ದ್ರವ್ಯ ಬೆರೆಸಿರುತ್ತಾರೆ. ಇಲ್ಲಿ ಅನುಮಾನ ಸೋರಿಕೆಯ ಮೇಲಲ್ಲ, ಅರೆಬರೆ ಉರಿಯುವಿಕೆಯ ಮೇಲೆ. ಗ್ಯಾಸ್ ಗೀಸರಿಗೆ ಹತ್ತು ನಿಮಿಷದ ಸ್ನಾನಕ್ಕೆ ಹೆಚ್ಚುಕಡಿಮೆ 2 ಘನ ಮೀಟರ್ ಗಾಳಿ ಬೇಕು. ಸಾಮಾನ್ಯ ಬಚ್ಚಲುಮನೆಯಲ್ಲಿರುವುದೇ 7–8 ಘನ ಮೀಟರ್. ಆಮ್ಲಜನಕ ತಗ್ಗಿದಂತೆ ಜ್ವಾಲೆ ನೀಲಿಯಿಂದ ಹಳದಿಗೆ ತಿರುಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಕಾಲುಗಳ ನಿತ್ರಾಣ, ಕೊನೆಗೆ ಪ್ರಜ್ಞೆ ತಪ್ಪುವುದು: ಇದು ಅದರ ಕ್ರಮ. ಚಿಲಕ ಹಾಕಿದ ಬಾಗಿಲ ಹಿಂದೆ ಇದು ನಡೆದರೆ ಹೊರಗಿನವರಿಗೆ ನೀರಿನ ಸದ್ದು ಮಾತ್ರ ಕೇಳಿಸುತ್ತದೆ.

ತಂಗಿಯ ಕಾಯಿಲೆ ಏನೆಂದು ನಾನು ಹೇಳಲಾರೆ. ಆದರೆ ಇಂಥ ಪ್ರಕರಣಗಳನ್ನು ಮೂರ್ಛೆರೋಗವೆಂದು ತಪ್ಪಾಗಿ ಭಾವಿಸಿದ್ದನ್ನು ನಮ್ಮ ದೇಶದ ನರರೋಗ ತಜ್ಞರೇ ದಾಖಲಿಸಿದ್ದಾರೆ. ವೈದ್ಯರಿಗೆ ಗೀಸರಿನ ವಿಷಯ ತಪ್ಪದೆ ಹೇಳಿ, ಕೇಳದಿದ್ದರೂ ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ನಂಬಬೇಡಿ, ಈ ವಿಷ ಸೇರಿದ ರಕ್ತವನ್ನೂ ಅದು ಸರಿಯಾಗಿಯೇ ಇದೆ ಎಂದು ತೋರಿಸುತ್ತದೆ. ಮತ್ತೆ ಯಾರಾದರೂ ಬಿದ್ದರೆ ಮೊದಲು ಹೊರಗಿನ ಗಾಳಿಗೆ ಎಳೆದು ತನ್ನಿ, ಆಮೇಲೆ 108ಕ್ಕೆ ಕರೆ ಮಾಡಿ.

ರಟ್ಟು ತೆಗೆದರೆ ಸಾಕೇ, ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕೇ ಎಂದು ಕೇಳುತ್ತೀರಿ. ಸಾಲದು. ಗೀಸರನ್ನು ಯುಟಿಲಿಟಿಯ ಅಥವಾ ಬಾಲ್ಕನಿಯ ತೆರೆದ ಗೋಡೆಗೆ ಸಾಗಿಸಿ, ಬಚ್ಚಲಿಗೆ ಬಿಸಿನೀರಿನ ಪೈಪ್ ಮಾತ್ರ ಎಳೆಸಿ. ಮನೆಯ ಮಾಲೀಕರು ಗೋಡೆ ಕೊರೆಯಲು ಒಪ್ಪದಿದ್ದರೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಈ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

ಪ್ರಶ್ನೆ: ಗೀಸರ್ ಆನ್ ಇದ್ದಾಗ ನಲ್ಲಿ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತದೆ. ಎಲಿಮೆಂಟ್ ಬದಲಿಸಿದರೆ ಸಾಕೇ? (ಶಿವಮೊಗ್ಗದ ಓದುಗರು)

ಉತ್ತರ: ಸಾಲದು, ಇಲ್ಲಿ ಎರಡು ದೋಷಗಳಿರುವ ಹಾಗಿದೆ. ತೂತು ಬಿದ್ದ ಎಲಿಮೆಂಟಿನಿಂದ ವಿದ್ಯುತ್ ನೀರಿಗೆ ಇಳಿಯುತ್ತಿರುವುದು ಒಂದು. ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಹೋಗುತ್ತಿತ್ತು, ನಿಮ್ಮ ಕೈಗೆ ಬರುತ್ತಿರಲಿಲ್ಲ, ಅದು ಎರಡನೆಯದು. ಎಲಿಮೆಂಟಿನ ಜೊತೆಗೆ ಸಾಕೆಟ್ಟಿನಿಂದ ಅರ್ಥ್ ಗುಂಡಿಯವರೆಗಿನ ತಂತಿಯನ್ನೂ ಎಲೆಕ್ಟ್ರಿಷಿಯನ್ ಪರೀಕ್ಷಿಸಲಿ. ಬೇಸಗೆಯಲ್ಲಿ ಗುಂಡಿ ಒಣಗದಂತೆ ನೀರು ಹೊಯ್ಯಿಸಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಾಕಿಸಿ. ಮಿತಿಮೀರಿ ಕರೆಂಟ್ ಹರಿದಾಗ ಬೀಳುವ ಎಂಸಿಬಿ ಸ್ವಿಚ್ ಇಷ್ಟು ಸಣ್ಣ ಸೋರಿಕೆಗೆ ಬೀಳುವುದಿಲ್ಲ.

ದುರಸ್ತಿಯಾಗುವವರೆಗೆ ಸ್ವಿಚ್ ಆರಿಸಿ ಸ್ನಾನ ಮಾಡುತ್ತೇವೆ ಎನ್ನಬೇಡಿ. ವೈರಿಂಗ್ ಅದಲುಬದಲಾಗಿದ್ದರೆ ಸ್ವಿಚ್ ಆರಿಸಿದರೂ ಎಲಿಮೆಂಟಿನಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಮುಖ್ಯ ಸ್ವಿಚ್ಚನ್ನು ಆರಿಸಿ, ಗೀಸರಿನ ಪ್ಲಗ್ ಕಿತ್ತು ಬದಿಗಿಡಿ.