ನೋಡಿಕೊಳ್ಳುವುದು ನಾದಿನಿಗೂ ಬರಲಿ, ಗಂಡನಿಗೂ ಬರಲಿ

ಪ್ರಶ್ನೆ: ನಾವು ಗಂಗಾವತಿಯವರು. ಅತ್ತೆಗೆ 74 ವರ್ಷ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಅಂತ ಡಾಕ್ಟರು ಹೇಳಿ ಎರಡು ವರ್ಷವಾಯಿತು. ಸಂಜೆಯಾದರೆ ‘ನಮ್ಮವ್ವ ಕಾಯ್ತಿರ್ತಾಳ, ಊರಿಗೆ ಹೋಗ್ತೀನಿ’ ಅಂತ ಬಾಗಿಲಿಗೆ ಹೋಗುತ್ತಾರೆ. ಸ್ನಾನ ಮಾಡಿಸಲು ಹೋದರೆ ಹೊಡೆಯುತ್ತಾರೆ. ಬಂದವರಿಗೆಲ್ಲ ‘ಸೊಸಿ ಊಟಕ್ಕ ಹಾಕಲ್ಲ’ ಅನ್ನುತ್ತಾರೆ. ಕೊಪ್ಪಳದ ನಾದಿನಿ ಅದನ್ನೇ ನಂಬಿ ನನ್ನನ್ನು ಬೈಯುತ್ತಾರೆ. ಗಂಡ ‘ನನಗೆ ಇದೆಲ್ಲ ಬರಲ್ಲ’ ಅಂತ ಅಂಗಡಿಗೆ ಹೋಗಿಬಿಡುತ್ತಾರೆ. ಸಾಕಾಗಿದೆ, ಏನು ಮಾಡಲಿ?

ಉತ್ತರ: ತಂಗಿ, ಅತ್ತೆ ನಿಮ್ಮ ಮೇಲೆ ಸುಳ್ಳು ಹೇಳುತ್ತಿಲ್ಲ. ಈ ಕಾಯಿಲೆಯಲ್ಲಿ ಈಗಷ್ಟೇ ನಡೆದದ್ದು ತಲೆಯಲ್ಲಿ ಉಳಿಯುವುದಿಲ್ಲ, ಹಳೆಯದು ಉಳಿದಿರುತ್ತದೆ. ಅರ್ಧ ಗಂಟೆ ಹಿಂದೆ ಉಂಡ ರೊಟ್ಟಿ ಅವರಿಗೆ ನೆನಪಿಲ್ಲ, ಆದರೆ ತೀರಿಹೋದ ಅವ್ವ ನೆನಪಿದ್ದಾಳೆ. ಹಾಗಾಗಿ ‘ನಿಮ್ಮವ್ವ ಸತ್ತು ಎಷ್ಟು ವರ್ಷವಾಯ್ತು’ ಅಂತ ತಿದ್ದಬೇಡಿ. ಪ್ರತಿ ಸಲವೂ ಅದು ಅವರಿಗೆ ಹೊಸ ಸಾವಿನ ಸುದ್ದಿ. ‘ನಿಮ್ಮವ್ವ ಏನು ಅಡುಗೆ ಮಾಡ್ತಿದ್ರು?’ ಅಂತ ಕೇಳಿ, ಮಾತಾಡಿಸಿ. ಕತ್ತಲಾಗುವ ಮೊದಲೇ ಲೈಟ್ ಹಾಕಿ, ಬಿಡಿಸಲು ಒಂದು ಮೊರ ಶೇಂಗಾ ಕೊಡಿ. ಕೈಗೆ ರೂಢಿಯಾದ ಕೆಲಸ ಬಹಳ ದಿನ ಮರೆಯುವುದಿಲ್ಲ.

ಸ್ನಾನದ ವಿಷಯಕ್ಕೆ ಬರೋಣ. ಯಾರೋ ಬಟ್ಟೆ ಬಿಚ್ಚಿ ತಲೆ ಮೇಲೆ ನೀರು ಸುರಿದರೆ, ಏನು ನಡೀತಿದೆ ಅಂತ ಗೊತ್ತಾಗದವರಿಗೆ ಹೆದರಿಕೆಯಾಗುತ್ತದೆ ಅಲ್ವಾ? ಅದಕ್ಕೇ ಹೊಡೆಯುತ್ತಾರೆ. ನೀರು ಮೊದಲೇ ಬೆಚ್ಚಗೆ ಮಾಡಿಟ್ಟುಕೊಳ್ಳಿ. ಸ್ಟೂಲ್ ಮೇಲೆ ಕೂರಿಸಿ, ಮೈ ಮೇಲೆ ಒಂದು ತೆಳು ಸೀರೆ ಹೊದಿಸಿ, ಅದರ ಒಳಗಿಂದಲೇ ತೊಳೆಯಿರಿ. ಮೊದಲು ಪಾದಕ್ಕೆ ಹಾಕಿ, ಆಮೇಲೆ ಮೊಣಕಾಲಿಗೆ, ತಲೆ ಕೊನೆಗೆ. ತಂಬಿಗೆ ಅವರ ಕೈಗೇ ಕೊಡಿ. ‘ಈಗ ಕೈ ತೊಳೀತೀನಿ’ ಅಂತ ಒಂದೊಂದೇ ಹೇಳುತ್ತಾ ಮಾಡಿ. ಒಪ್ಪದಿದ್ದರೆ ಬಿಟ್ಟುಬಿಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಆ ದಿನಕ್ಕೆ ಸಾಕು.

ಇನ್ನು ನಾದಿನಿ. ವಾದ ಮಾಡಿ ಅವರನ್ನು ಒಪ್ಪಿಸಲು ಆಗುವುದಿಲ್ಲ. ತಾಸು ಹೊತ್ತು ಬಂದು ಚಹಾ ಕುಡಿದು ಹೋಗುವವರಿಗೆ ಅತ್ತೆ ಚೆನ್ನಾಗೇ ಕಾಣುತ್ತಾರೆ, ಈ ಕಾಯಿಲೆಯಲ್ಲಿ ಅದು ಮಾಮೂಲು. ಎರಡು ದಿನ ಉಳಿದುಕೊಳ್ಳಲು ಕರೆಯಿರಿ. ಮೊದಲ ದಿನ ನೀವು ಸ್ನಾನ ಮಾಡಿಸುವಾಗ ಪಕ್ಕದಲ್ಲಿ ನಿಲ್ಲಲಿ, ಮರುದಿನ ಅವರೇ ಮಾಡಿಸಲಿ, ನೀವು ಸುಮ್ನೆ ನಿಂತಿರಿ. ತಪ್ಪಿದರೆ ತಕ್ಷಣ ಬಾಯಿ ಹಾಕಬೇಡಿ. ಗಂಡನಿಗೂ ಇದೇ ದಾರಿ. ‘ಬರಲ್ಲ’ ಅನ್ನುವುದು ನೆಪ ಅಂತ ನನಗನಿಸುವುದಿಲ್ಲ, ಹೆಚ್ಚಿನ ಗಂಡುಮಕ್ಕಳಿಗೆ ಯಾರೂ ಕಲಿಸಿಯೇ ಇರುವುದಿಲ್ಲ. ಸಂಜೆ ಆರರಿಂದ ಏಳು ಅವರ ಪಾಲು. ಅತ್ತೆ ಬಾಗಿಲಿಗೆ ಹೋದರೆ ತಡೆಯದೆ ಜೊತೆಗೆ ಹೋಗಿ, ಓಣಿ ಸುತ್ತಿಸಿಕೊಂಡು ಬರಲಿ.

ಒಂದನ್ನು ಮೂವರೂ ತಿಳಿದಿರಬೇಕು. ಒಂದೆರಡು ದಿನದಲ್ಲಿ ಗೊಂದಲ ಏಕಾಏಕಿ ಜಾಸ್ತಿಯಾದರೆ ‘ಕಾಯಿಲೆ ಹೆಚ್ಚಾಯ್ತು’ ಅಂತ ಕೂರಬೇಡಿ. ಮೂತ್ರದ ಸೋಂಕು ಇರಬಹುದು, ಮೈಯಲ್ಲಿ ನೀರು ಕಡಿಮೆಯಾಗಿರಬಹುದು, ಡಾಕ್ಟರಿಗೆ ತೋರಿಸಿ. ನಮ್ಮ ಕಡೆಯ ಬೇಸಿಗೆಯಲ್ಲಂತೂ ಬಾಯಾರಿದೆ ಅಂತ ಅವರೇ ಹೇಳಲಿ ಎಂದು ಕಾಯಬೇಡಿ, ಆಗಾಗ ಮಜ್ಜಿಗೆ ಕೊಡಿ. ನಿಮಗೇ ತಡೆಯಲಾಗದಷ್ಟು ಸಿಟ್ಟು, ಅಳು ಬಂದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ನಾದಿನಿ ಬರುವ ಆ ಎರಡು ದಿನದಲ್ಲಿ ಒಂದು ಮಧ್ಯಾಹ್ನವಾದರೂ ಮನೆಯಿಂದ ಹೊರಗೆ ಹೋಗಿ. ಹೊರಡುವಾಗ ಫೋನ್ ಗಂಡನ ಕೈಗೆ ಕೊಟ್ಟುಹೋಗಿ.